ಮಣ್ಣು ಮೆತ್ತಿದ ಪೊಟರೆಗಳು

ಕೆರೆಯ ಹಿಂದಿನ ಗುಡ್ಡದಲ್ಲಿ ಒಂದು ಕಾಡು. ಕಾಡಿನ ತುಂಬ ಮತ್ತಿ, ಹೊನ್ನೆ, ಗೋಣಿ ಮರಗಳು. ಮರಗಳೆಲ್ಲ ಹಳೆಯವು, ಹಾಗಾಗಿ ಅವುಗಳಲ್ಲಿ ಪೊಟರೆಗಳಿದ್ದವು. ಆ ಪೊಟರೆಗಳಲ್ಲಿ ಹಕ್ಕಿಗಳು ಬಾಳುವೆ ಮಾಡುತ್ತಿದ್ದವು.

ಮಕ್ಕಳೇ, ಪೊಟರೆ ಕೊರೆಯುವ ಕೆಲಸ ಎಲ್ಲ ಹಕ್ಕಿಗೂ ಬರುವುದಿಲ್ಲ. ಅದು ಮರಕುಟಿಗನಿಗೆ ಬರುತ್ತದೆ. ಅವನು ವರ್ಷಕ್ಕೊಂದು ಪೊಟರೆ ಕೊರೆದು, ಅದರಲ್ಲಿ ಮರಿ ಮಾಡಿ, ಬಿಟ್ಟು ಹೋಗುತ್ತಾನೆ. ಬಿಟ್ಟ ಪೊಟರೆ ಬೇಕಾದವರದ್ದು. ಗೊರವಂಕ, ಗಿಳಿ, ಹಾಲಕ್ಕಿ ಎಲ್ಲರೂ ಹೀಗೆ ಮನೆ ಮಾಡಿಕೊಂಡವರೇ. ಪೊಟರೆಗಾಗಿ ಯಾರೂ ಯಾರಿಗೂ ಒಂದು ಹಣ್ಣು ಕೊಟ್ಟವರಲ್ಲ.

ಆ ಕಾಡಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಮೊಟ್ಟೆ ಇಡುವ ಕಾಲಕ್ಕೆ ಹೆಣ್ಣು ಮಂಗಟ್ಟೆ ಹಕ್ಕಿ ಪೊಟರೆಯ ಒಳಗೆ ಕೂತು ಬಾಗಿಲಿಗೆ ಮಣ್ಣು ಮೆತ್ತಿಕೊಳ್ಳುತ್ತಾಳೆ. ಕೊಕ್ಕು ತೂರುವಷ್ಟು ಸಂದು ಮಾತ್ರ ಬಿಡುತ್ತಾಳೆ. ಮರಿಗಳು ಬಲಿಯುವ ತನಕ ಹೊರಗೆ ಬರುವುದಿಲ್ಲ. ಗಂಡ ಹಣ್ಣು ತಂದು ಆ ಸಂದಿನಲ್ಲಿ ಉಣಿಸುತ್ತಾನೆ. ಆ ಮಣ್ಣು ಒಡೆದರೆ ತಾಯಿ ಮಕ್ಕಳೆಲ್ಲ ಹಾವಿನ ಬಾಯಿಗೆ. ಆದ್ದರಿಂದ ಮಣ್ಣು ಮೆತ್ತಿದ ಪೊಟರೆಯನ್ನು ಎಲ್ಲರೂ ಬಾಣಂತಿ ಮನೆ ಎನ್ನುತ್ತಿದ್ದರು. ಅದಕ್ಕೆ ಯಾರೂ ಕೊಕ್ಕು ತಾಗಿಸುತ್ತಿರಲಿಲ್ಲ.

ಒಳ್ಳೆಯ ಪದ್ಧತಿ. ಒಳ್ಳೆಯ ಪದ್ಧತಿಯ ಹಿಂದೆ ಅಡಗಿ ಕೂರುವ ಕಳ್ಳರು ಎಲ್ಲ ಕಾಲದಲ್ಲೂ ಇರುತ್ತಾರೆ. ಈ ಕಾಡಿನಲ್ಲಿ ಅಂಥವನ ಹೆಸರು ಗಟ್ಟೆಪ್ಪ.

ಗಟ್ಟೆಪ್ಪ ಮುದಿ ಗಂಡು ಮಂಗಟ್ಟೆ. ಕೆಲವು ಬೇಸಿಗೆಗಳಿಂದ ಅವನ ಸುತ್ತಲಿನ ಮರಗಳಲ್ಲಿ ಒಂದೊಂದಾಗಿ ಪೊಟರೆಗಳು ಮಣ್ಣಿನಿಂದ ಮುಚ್ಚಿಕೊಳ್ಳುತ್ತ ಬಂದವು. "ನಮ್ಮ ಕಡೆಯ ಹೆಣ್ಣುಮಕ್ಕಳು," ಎನ್ನುತ್ತಿದ್ದ. "ತಂಗಿಯರು, ನಾದಿನಿಯರು. ಗಂಡಂದಿರು ದೂರದ ಕಾಡಿಗೆ ಹೋಗಿದ್ದಾರೆ. ನಾನೇ ನೋಡಿಕೊಳ್ಳುತ್ತೇನೆ." ಎಂಥ ದೊಡ್ಡ ಮನಸ್ಸು ಎಂದು ಹಕ್ಕಿಗಳು ಕೊಂಡಾಡಿದವು.

ಖಾಲಿ ಉಳಿದದ್ದು ಒಂದೇ ಪೊಟರೆ. ಅದನ್ನು ತನ್ನದೆಂದು ಹೇಳಿ ಗಟ್ಟೆಪ್ಪ ಬಾಡಿಗೆಗೆ ಕೊಡುತ್ತಿದ್ದ.

ಆ ವರ್ಷ ಗೊರವಂಕ ಚೆಂಗಿಗೆ ಮನೆ ಬೇಕಾಗಿತ್ತು. ಚೆಂಗಿ ಬೆಳೆದ ಹುಡುಗಿ. ಅವಳಿಗೆ ದುಗ್ಗ ಎಂಬ ಜೊತೆಗಾರ ಸಿಕ್ಕಿದ್ದ. ಮಳೆ ಹಿಡಿಯುವ ಮೊದಲು ಗೂಡು ಕಟ್ಟದಿದ್ದರೆ ಆ ವರ್ಷಕ್ಕೆ ಮೊಟ್ಟೆ ಇಲ್ಲ, ಮರಿ ಇಲ್ಲ, ಮದುವೆಯೂ ಇಲ್ಲ. ಅಲ್ಲಿಯ ತನಕ ಅವಳು ಅಪ್ಪ, ಅವ್ವ, ಬೆಳೆದ ತಮ್ಮಂದಿರ ಜೊತೆ ಒಂದೇ ಪೊಟರೆಯಲ್ಲಿ ರೆಕ್ಕೆಗೆ ರೆಕ್ಕೆ ಒತ್ತಿಕೊಂಡು ಮಲಗುತ್ತಿದ್ದಳು. ಒಬ್ಬರು ಮಗ್ಗುಲಾದರೆ ಎಲ್ಲರೂ ಮಗ್ಗುಲಾಗಬೇಕು.

"ನಿನ್ನ ವಯಸ್ಸಿಗೆ ನನಗೆ ಸ್ವಂತ ಪೊಟರೆ ಇತ್ತು," ಎಂದು ಅಪ್ಪ ದಿನವೂ ಹೇಳುತ್ತಿದ್ದ.

"ಹೇಗೆ ಸಿಕ್ಕಿತು ಅಪ್ಪ?"

"ಹೇಗೆ ಅಂದರೆ? ಹಾರುತ್ತಾ ಬಂದೆ. ಖಾಲಿ ಇತ್ತು. ಒಳಗೆ ಹೋದೆ."

"ಈಗ ಹಾರುತ್ತಾ ಹೋದರೆ ಖಾಲಿ ಇಲ್ಲವಲ್ಲ."

"ಮೈ ಬಗ್ಗಿಸಿ ದುಡಿದರೆ ಸಿಗುತ್ತದೆ. ನಿಮಗೆ ಅವ್ವನ ರೆಕ್ಕೆ ಬಿಟ್ಟು ಹೋಗಲು ಮನಸ್ಸಿಲ್ಲ. ದಂಡಪಿಂಡಗಳು."

ಕೆರೆ ಏರಿಯ ಮೇಲೆ ಬೆಳಗಿನಿಂದ ಸಂಜೆಯ ತನಕ ಮಿಡತೆ ಹಿಡಿದು, ಅದರಲ್ಲಿ ಅರ್ಧ ಮನೆಗೆ ತಂದುಕೊಡುವ ಮಗಳಿಗೆ ಅಪ್ಪ ಹೇಳುತ್ತಿದ್ದ ಮಾತು ಇದು. ಮಕ್ಕಳನ್ನು ಸೋಮಾರಿ ಎನ್ನಲು ಏನೂ ಖರ್ಚಾಗುವುದಿಲ್ಲ. ಅದಕ್ಕೇ ಎಲ್ಲರೂ ಅನ್ನುತ್ತಾರೆ.

ಚೆಂಗಿ ಗಟ್ಟೆಪ್ಪನ ಬಳಿ ಹೋದಳು. ಅವನು ಗೋಣಿ ಮರದ ದಪ್ಪ ಕೊಂಬೆಯ ಮೇಲೆ ಕೂತು ಕೊಕ್ಕು ಉಜ್ಜಿಕೊಳ್ಳುತ್ತಿದ್ದ.

"ಯಜಮಾನರೇ, ಪೊಟರೆ ನೋಡಲು ಬಂದೆ."

"ಏನು ತಿನ್ನುತ್ತೀರಿ ನೀವು?"

"ಹಣ್ಣು, ಹುಳ, ಮಿಡತೆ. ಸಿಕ್ಕಿದ್ದು."

"ಹುಳ ತಿನ್ನುವವರಿಗೆ ನಾವು ಕೊಡುವುದಿಲ್ಲ. ಇದು ಶುದ್ಧವಾದ ಮರ."

ಅವನ ಕೊಕ್ಕಿನ ತುದಿಯಲ್ಲಿ ಓತಿಕ್ಯಾತದ ಬಾಲ ನೇತಾಡುತ್ತಿತ್ತು. ಅದನ್ನು ಒಳಗೆಳೆದುಕೊಂಡು ನುಂಗಿ ಮಾತು ಮುಂದುವರಿಸಿದ. "ಆದರೂ ನಿಮ್ಮಪ್ಪ ಗುರುತಿನವನು. ಮದುವೆ ಆಗಿದೆಯೇನಮ್ಮ?"

"ಪೊಟರೆ ಸಿಕ್ಕಿದ ಮೇಲೆ ಆಗುತ್ತದೆ."

"ಮದುವೆ ಆಗದವರಿಗೆ ಕೊಡುವುದಿಲ್ಲ."

"ಪೊಟರೆ ಇಲ್ಲದೆ ಮದುವೆ ಆಗುವುದಿಲ್ಲ, ಯಜಮಾನರೇ."

"ಅದು ನಿಮ್ಮ ಕಷ್ಟ. ಸರಿ, ನಿನ್ನ ಮುಖ ನೋಡಿ ಒಪ್ಪುತ್ತೇನೆ. ದಿನಾ ಬೆಳಗ್ಗೆ ನೀವಿಬ್ಬರು ತಂದದ್ದೆಲ್ಲ ನನಗೆ. ಸಂಜೆಯದ್ದು ನಿಮಗೆ. ಒಳಗೆ ಕಾಲಿಡುವ ಮೊದಲು ಆ ಬಂಡೆ ಮುಚ್ಚುವಷ್ಟು ಅತ್ತಿ ಹಣ್ಣು ಮುಂಗಡ."

ಚೆಂಗಿ ಬಂಡೆ ನೋಡಿದಳು. ಅದರ ಮೇಲೆ ಎರಡು ಎಮ್ಮೆ ಮಲಗಬಹುದಿತ್ತು. "ಅಷ್ಟು ಹಣ್ಣು ಕೂಡಿಸುವಷ್ಟರಲ್ಲಿ ನನಗೆ ಮುಪ್ಪು ಬರುತ್ತದೆ," ಎಂದಳು.

"ಹಿಂದೆ ಗಿಳಿಗಳು ನಿಂತಿವೆ. ಅವು ಒಪ್ಪಿಕೊಂಡಿವೆ. ಇರುವುದು ಒಂದೇ ಪೊಟರೆ. ಕೇಳುವವರು ಕಾಡಿನ ತುಂಬ. ನಾನೇನು ಮಾಡಲಿ?"

ಚೆಂಗಿ ಬರಿಗೊಕ್ಕಿನಲ್ಲಿ ವಾಪಸ್ಸು ಬಂದಳು.

ಮಾರನೆಯ ದಿನ ಬೆಳಗ್ಗೆ ಅವ್ವ ಮೊಟ್ಟೆ ಇಟ್ಟಳು. ನೀಲಿ ಬಣ್ಣದ ಚೆಂದದ ಮೊಟ್ಟೆ. ಅದಕ್ಕೆ ಜಾಗ ಮಾಡಲು ಎಲ್ಲರೂ ಗೋಡೆಗೆ ಒತ್ತಿಕೊಂಡರು. ಕೊನೆಯ ತಮ್ಮ ಕಾಲು ಜೋಮು ಹಿಡಿದು ಒಂಚೂರು ಸರಿದ. ಮೊಟ್ಟೆ ಉರುಳಿತು. ಬಾಗಿಲು ದಾಟಿ ಕೆಳಗೆ ಕಲ್ಲಿನ ಮೇಲೆ ಬಿತ್ತು.

ಎಲ್ಲರೂ ಬಾಗಿಲಿಗೆ ಬಂದು ಕೆಳಗೆ ಬಗ್ಗಿ ನೋಡಿದರು. ಆಮೇಲೆ ಅಪ್ಪ ಚೆಂಗಿಯ ಕಡೆ ತಿರುಗಿದ. "ನೀನು ಹೊರಗೆ ಹೋಗಿದ್ದರೆ ಅದು ಬದುಕುತ್ತಿತ್ತು."

ಅವ್ವ ಬಾಗಿಲು ಬಿಟ್ಟು ಕದಲಲಿಲ್ಲ. ಒಡೆದ ಚಿಪ್ಪನ್ನೇ ನೋಡುತ್ತಿದ್ದಳು.

ಚೆಂಗಿ ಹಾರಿಹೋದಳು. ಎಲ್ಲಿಗೆಂದು ನೋಡದೆ ಹಾರಿ, ಒಂದು ಮತ್ತಿ ಮರದ ಬುಡದಲ್ಲಿ ಕೂತಳು. ಮೇಲೆ ಮಣ್ಣು ಮೆತ್ತಿದ ಪೊಟರೆ. ಗಟ್ಟೆಪ್ಪನ ತಂಗಿಯ ಬಾಣಂತಿ ಮನೆ ಅಂತ ಎಲ್ಲರೂ ಹೇಳುವ ಪೊಟರೆ. ತಿನ್ನಲು ಏನಾದರೂ ಸಿಕ್ಕೀತೆಂದು ಅವಳು ನೆಲ ಕೆದರಿದಳು. ಒಣ ಎಲೆ, ಮಣ್ಣು, ಮತ್ತೆ ಒಣ ಎಲೆ. ಏನೂ ಸಿಗಲಿಲ್ಲ.

ಕೆದರುವುದನ್ನು ನಿಲ್ಲಿಸಿದಳು.

ಏಕೆ ಏನೂ ಇಲ್ಲ? ಇಳಿಜಾರಿನ ಹೊನ್ನೆ ಮರದಲ್ಲಿ ಮಂಗಟ್ಟೆ ಗಂಗವ್ವ ಬಾಣಂತನಕ್ಕೆ ಕೂತಿದ್ದಳು. ಅವಳ ಗಂಡ ಭರಮಣ್ಣ ದಿನವಿಡೀ ಹಣ್ಣು ಹೊರುತ್ತಿದ್ದ. ಆ ಮರದ ಬುಡ ಎಲ್ಲರಿಗೂ ಗೊತ್ತು. ಹಿಕ್ಕೆ, ಸಿಪ್ಪೆ, ಉಗುಳಿದ ಬೀಜ, ಅದರಲ್ಲೇ ಮೊಳೆತ ಸಸಿಗಳು. ಕಾಲಿಡಲು ಜಾಗವಿಲ್ಲ. ಉಂಡವರ ಮನೆಯ ಮುಂದೆ ಗಲೀಜು ಇದ್ದೇ ಇರುತ್ತದೆ.

ಇಲ್ಲಿ ನೆಲ ಗುಡಿಸಿದ ಹಾಗಿತ್ತು.

ಚೆಂಗಿ ಮುಂದಿನ ಮರದ ಬುಡಕ್ಕೆ ಹೋದಳು. ಅಲ್ಲೂ ಬರೀ ಎಲೆ. ಅದರ ಮುಂದಿನದ್ದು, ಅದರ ಆಚೆಯದ್ದು, ಎಲ್ಲವೂ ಹಾಗೇ.

ದುಗ್ಗನನ್ನು ಕರೆದು ತೋರಿಸಿದಳು. ಅವನ ಕುತ್ತಿಗೆಯ ಗರಿ ನಿಮಿರಿತು. "ಈಗಲೇ ಒಡೆಯುತ್ತೇನೆ," ಎಂದ.

"ಬೇಡ. ಎಲ್ಲೋ ಒಂದರಲ್ಲಿ ನಿಜವಾಗಿಯೂ ತಾಯಿ ಇದ್ದರೆ? ಅವಳ ಮರಿಗಳು ಏನು ತಪ್ಪು ಮಾಡಿವೆ? ಒಡೆಯದೆ ತಿಳಿದುಕೊಳ್ಳಬೇಕು. ಎಲ್ಲರ ಎದುರು ತಿಳಿಯಬೇಕು."

"ಹೇಗೆ?"

"ಬಾಣಂತಿ ನೋಡಲು ಹೋಗೋಣ. ಹಣ್ಣು ತೆಗೆದುಕೊಂಡು."

ಮಾತು ಮರದಿಂದ ಮರಕ್ಕೆ ಹೋಯಿತು. ಮನೆ ಇಲ್ಲದ ಹರೆಯದ ಹಕ್ಕಿಗಳೆಲ್ಲ ಬಂದವು. ಗೊರವಂಕಗಳು, ಗಿಳಿಗಳು, ತಮ್ಮ ಅವ್ವಂದಿರ ಜೊತೆ ಜಗಳವಾಡಿ ಬಂದ ಹಾಲಕ್ಕಿಗಳು, ಒಂದೇ ಪೊಟರೆಯಲ್ಲಿ ಅತ್ತೆ ಮಾವನ ಮಧ್ಯೆ ಮಲಗುವ ಹೊಸ ಜೋಡಿಗಳು. ಎಲ್ಲರ ಕೊಕ್ಕಿನಲ್ಲೂ ಒಂದೊಂದು ಮಾಗಿದ ಅತ್ತಿ ಹಣ್ಣು. ಹಿರಿಯರಿಗೂ ಖುಷಿಯಾಯಿತು. "ಈ ಹುಡುಗರಿಗೆ ಬುದ್ಧಿ ಬಂತು," ಎನ್ನುತ್ತ ಅಪ್ಪನೂ ಬಂದ. ಅವ್ವ ಹಿಂದೆ ಬಂದಳು. ಪೊಟರೆ ಕೊರೆಯುವ ಮರಕುಟಿಗ ಕೆಂಚಣ್ಣ ಕೆಲಸ ಬಿಟ್ಟು ಬಂದ.

ಮೊದಲು ಗಂಗವ್ವನ ಮನೆ. ಚೆಂಗಿ ಸಂದಿನ ಮುಂದೆ ಹಣ್ಣು ಹಿಡಿದಳು. ತಟಕ್ಕನೆ ಒಳಗಿನಿಂದ ಕೊಕ್ಕು ಬಂದು ಹಣ್ಣು ಕಸಿದುಕೊಂಡಿತು.

"ಅತ್ತಿ ಹಣ್ಣೇ?" ಒಳಗಿನಿಂದ ಗಂಗವ್ವನ ದನಿ. "ಇನ್ನೂ ಇದ್ದರೆ ಕೊಡಿ. ಇವರು ಮೂರು ಹೊತ್ತೂ ಬಸರಿ ಹಣ್ಣೇ ತರುತ್ತಾರೆ. ಕೇಳಿದರೆ ಹತ್ತಿರ ಅದೇ ಸಿಗೋದು ಅನ್ನುತ್ತಾರೆ."

ಪಕ್ಕದಲ್ಲಿದ್ದ ಭರಮಣ್ಣ ಬೇರೆ ಕಡೆ ನೋಡಿದ. ಎಲ್ಲರೂ ನಕ್ಕರು.

ಆಮೇಲೆ ಮೆರವಣಿಗೆ ಮತ್ತಿ ಮರಕ್ಕೆ ಬಂತು. ಗಟ್ಟೆಪ್ಪ ಗಡಿಬಿಡಿಯಲ್ಲಿ ಹಾರಿ ಬಂದ.

"ಏನಿದು ಗದ್ದಲ?"

"ನಿಮ್ಮ ತಂಗಿಯನ್ನು ನೋಡಲು ಬಂದೆವು, ಯಜಮಾನರೇ."

"ಸಂತೋಷ. ಹಣ್ಣು ಇಲ್ಲಿ ಇಡಿ. ನಾನು ಕೊಡುತ್ತೇನೆ."

"ನಾವೇ ಕೊಡುತ್ತೇವೆ," ಎಂದು ಚೆಂಗಿ ಸಂದಿನ ಮುಂದೆ ಹಣ್ಣು ಹಿಡಿದಳು.

ಕೊಕ್ಕು ಬರಲಿಲ್ಲ.

"ಮಲಗಿದ್ದಾಳೆ," ಎಂದ ಗಟ್ಟೆಪ್ಪ.

ಮುಂದಿನ ಮರ. ಅಲ್ಲೂ ಕೊಕ್ಕು ಬರಲಿಲ್ಲ. "ಇವಳಿಗೆ ನಾಚಿಕೆ," ಎಂದ. ಅದರ ಮುಂದಿನ ಮರದಲ್ಲೂ ಯಾರೂ ಹಣ್ಣು ತೆಗೆದುಕೊಳ್ಳಲಿಲ್ಲ. ಹಕ್ಕಿಗಳು ಗಟ್ಟೆಪ್ಪನನ್ನೇ ನೋಡತೊಡಗಿದವು. ಅವನು ಕೊಂಬೆಯ ಮೇಲೆ ಹಿಂದಕ್ಕೆ ಸರಿದ.

"ಇವತ್ತು ಅವರದ್ದೆಲ್ಲ ಉಪವಾಸ," ಎಂದುಬಿಟ್ಟ.

ಗುಂಪಿನಲ್ಲಿದ್ದ ತಾಯಂದಿರೆಲ್ಲ ಒಮ್ಮೆಲೇ ತಲೆ ಎತ್ತಿದರು. ಬೆಳಗಿನಿಂದ ಬಾಯಿ ಬಿಡದಿದ್ದ ಚೆಂಗಿಯ ಅವ್ವ ಮುಂದೆ ಬಂದಳು.

"ಬಾಣಂತಿಗೆ ಉಪವಾಸವೇ?" ಎಂದು ಕೇಳಿದಳು. ದನಿ ಏರಿಸಲಿಲ್ಲ. "ಮೊಟ್ಟೆಯ ಮೇಲೆ ಕೂತವಳಿಗೆ ಉಪವಾಸ ಹಾಕುವ ಮನೆ ಯಾವುದು, ಗಟ್ಟೆಪ್ಪ?"

ಇಳಿಜಾರಿನಿಂದ ಗಂಗವ್ವನ ದನಿ ಕೇಳಿಸಿತು. "ಉಪವಾಸವಂತೆ. ನಮ್ಮ ಕುಲದ ಹೆಣ್ಣು ಒಳಗೆ ಕೂತು ಒಂದು ಹೊತ್ತು ಹಣ್ಣು ಬರದಿದ್ದರೆ ಗುಡ್ಡಕ್ಕೆಲ್ಲ ಕೇಳುವಂತೆ ಕೂಗುತ್ತಾಳೆ. ಈ ಬೇಸಿಗೆಯಲ್ಲಿ ಕೂಗಿದವಳು ನಾನೊಬ್ಬಳೇ. ಅದು ಇವರಿಗೂ ಗೊತ್ತು."

ಭರಮಣ್ಣ ತಲೆ ಆಡಿಸಿದ. ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆಗ ಚೆಂಗಿ ಕೆಳಗೆ ತೋರಿಸಿದಳು. "ನೆಲ ನೋಡಿ. ಒಂದು ಬೀಜ ಇಲ್ಲ. ಒಂದು ಹಿಕ್ಕೆ ಇಲ್ಲ. ಇವನ ತಂಗಿಯರು ತಿನ್ನುವುದಿಲ್ಲ, ಮಾತಾಡುವುದಿಲ್ಲ, ಹೇಲುವುದೂ ಇಲ್ಲ."

ಮೊದಲು ನಕ್ಕವರು ಹಾಲಕ್ಕಿಗಳು. ಆಮೇಲೆ ಗಿಳಿಗಳು. ನಗು ಕಾಡೆಲ್ಲ ಹಬ್ಬಿತು. ಅಪ್ಪ ಮಾತ್ರ ನಗಲಿಲ್ಲ. ಅವನು ಮಣ್ಣಿನ ಬಾಗಿಲನ್ನೇ ನೋಡುತ್ತಿದ್ದ. ಅವನ ಮನಸ್ಸಿನಲ್ಲಿ ಕಲ್ಲಿನ ಮೇಲೆ ಒಡೆದ ನೀಲಿ ಮೊಟ್ಟೆ ಇತ್ತು. ಅದನ್ನು ಯಾರ ತಲೆಗೆ ಕಟ್ಟಿದ್ದೆ ಎಂಬುದೂ ಇತ್ತು.

ಅವನು ಹಾರಿ ಹೋಗಿ ಮಣ್ಣಿಗೆ ಕೊಕ್ಕು ಹಾಕಿದ. ಹಕ್ಕಿಗಳೆಲ್ಲ ಕತ್ತು ಚಾಚಿ ನೋಡಿದವು. ಎರಡನೆಯ ಪೆಟ್ಟಿಗೆ ಮಣ್ಣಿನ ಹೆಂಟೆ ಕಳಚಿ ಬಿತ್ತು. ಒಳಗೆ ಜೇಡರ ಬಲೆ. ಬಲೆಯ ಹಿಂದೆ ನಾಲ್ಕು ಮರಿ ಆರಾಮವಾಗಿ ಬೆಳೆಯುವಷ್ಟು ಖಾಲಿ ಜಾಗ.

"ನನ್ನ ಮಣ್ಣು," ಎಂದು ಗಟ್ಟೆಪ್ಪ ಕಿರುಚಿದ. "ಕೆರೆಯಿಂದ ಹೊತ್ತು ತಂದ ಮಣ್ಣು. ನನ್ನ ದುಡಿಮೆ."

"ನಿಮ್ಮ ಮಣ್ಣು ಕೆಳಗೆ ಬಿದ್ದಿದೆ," ಎಂದಳು ಚೆಂಗಿ. "ತೆಗೆದುಕೊಂಡು ಹೋಗಿ."

"ಪೊಟರೆ ಕೊರೆದವನು ನಾನು," ಎಂದ ಕೆಂಚಣ್ಣ. "ಆಚೆಯದ್ದು ನಮ್ಮಪ್ಪ. ನಾವು ಯಾರಿಗೂ ಮಾರಿದ್ದು ನೆನಪಿಲ್ಲ." ಅಷ್ಟು ಹೇಳಿ ಪಕ್ಕದ ಮರಕ್ಕೆ ಹಾರಿ ಟಕಟಕ ಕುಟ್ಟತೊಡಗಿದ.

ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಬಾಗಿಲಾದ ಮೇಲೆ ಬಾಗಿಲು ಒಡೆಯಿತು. ಪ್ರತಿ ಸಲ ಮಣ್ಣು ಬಿದ್ದಾಗಲೂ ಗುಂಪು ಕೂಗಿತು. ಎಲ್ಲ ಪೊಟರೆಯೂ ಖಾಲಿ. ಇಷ್ಟು ವರ್ಷ ಕಾಡಿನಲ್ಲಿ ಮನೆ ಇಲ್ಲ, ಮನೆ ಇಲ್ಲ ಎಂದು ಅತ್ತಿದ್ದರಲ್ಲ. ಮನೆ ಇತ್ತು. ಸಾಲಾಗಿ, ತಲೆಯ ಮೇಲೇ ಇತ್ತು. ಒಂದು ಪೊಟರೆಗೆ ಬೆಲೆ ಏರಲಿ ಎಂದು ಉಳಿದದ್ದನ್ನೆಲ್ಲ ಒಬ್ಬ ಮುಚ್ಚಿಟ್ಟಿದ್ದ. ಒಳಗೆ ಯಾರಿದ್ದಾರೆ ಎಂದು ಕೇಳುವ ಬದಲು ಎಲ್ಲರೂ ತಮ್ಮ ಮಕ್ಕಳನ್ನು ಬೈಯುತ್ತಿದ್ದರು.

ಸಂಜೆಯೊಳಗೆ ಹರೆಯದ ಜೋಡಿಗಳೆಲ್ಲ ಮನೆ ಸೇರಿದವು. ಬಾಡಿಗೆ ಪೊಟರೆಯ ಗಿಳಿಗಳು ಮುಂಗಡದ ಹಣ್ಣನ್ನು ಬಂಡೆಯಿಂದ ವಾಪಸ್ಸು ಹೊತ್ತು ಎಲ್ಲರಿಗೂ ಹಂಚಿದವು. ಗಟ್ಟೆಪ್ಪ ಗುಡ್ಡ ದಾಟಿ ಹೋದ. ಯಾರೂ ತಡೆಯಲಿಲ್ಲ, ಅವನ ಹಿಂದೆ ಯಾವ ತಂಗಿಯೂ ಹೋಗಲಿಲ್ಲ.

ಮತ್ತಿ ಮರದ ಪೊಟರೆ ಚೆಂಗಿ ಮತ್ತು ದುಗ್ಗನದ್ದಾಯಿತು. ಮೊದಲ ಮಳೆ ಬಿದ್ದ ದಿನ ಅವಳು ಒಳಗೆ ಕೂತಿದ್ದಳು, ಹೊಟ್ಟೆಯ ಕೆಳಗೆ ಬೆಚ್ಚಗಿನ ನೀಲಿ ಮೊಟ್ಟೆಗಳು. ಅಪ್ಪ ನೆನೆದುಕೊಂಡು ಬಂದ. ಕೊಕ್ಕಿನಲ್ಲಿ ಉದ್ದನೆಯ ಹಾವಿನ ಪೊರೆ. ಗೊರವಂಕಗಳು ಗೂಡಿಗೆ ಹಾಸುವ ಒಳ್ಳೆಯ ಸಾಮಾನು ಅದು, ಸುಲಭಕ್ಕೆ ಸಿಗುವುದಿಲ್ಲ.

ಬಾಗಿಲಲ್ಲಿ ನಿಂತು ಒಳಗೆಲ್ಲ ನೋಡಿದ. "ಜಾಗ ಚೆನ್ನಾಗಿದೆ," ಎಂದ.

"ಒಳಗೆ ಬಾ ಅಪ್ಪ."

"ಹಿಡಿಸುತ್ತೇನಾ?"

"ಮಗ್ಗುಲಾದರೂ ಹಿಡಿಸುತ್ತೀಯ," ಎಂದಳು ಚೆಂಗಿ.

ಅಪ್ಪ ಒಳಗೆ ಬಂದ. ಪೊರೆಯನ್ನು ತಾನೇ ಮೊಟ್ಟೆಗಳ ಸುತ್ತ ಹಾಸಿದ.

ಅಂದಿನಿಂದ ಆ ಕಾಡಿನಲ್ಲಿ ಯಾವ ಪೊಟರೆಗೆ ಮಣ್ಣು ಮೆತ್ತಿದರೂ ಮರುದಿನ ಬೆಳಗ್ಗೆ ನೆರೆಯವರು ಹಣ್ಣು ಹಿಡಿದು ಹೋಗುತ್ತಾರೆ. ಕೊಕ್ಕು ಹೊರಗೆ ಬಂದರೆ ಹರಸಿ ಬರುತ್ತಾರೆ. ಬರದಿದ್ದರೆ ಕೆಂಚಣ್ಣನನ್ನು ಕರೆಯುತ್ತಾರೆ.

ನೀತಿ: ಮನೆ ಸಿಗದ ಮಕ್ಕಳನ್ನು ಸೋಮಾರಿ ಎಂದು ಬೈಯುವ ಮೊದಲು, ಖಾಲಿ ಮನೆಗಳ ಬಾಗಿಲು ಮುಚ್ಚಿದವರು ಯಾರು ಎಂದು ಎಲ್ಲರೂ ಕೂಡಿ ಹೋಗಿ ಕೇಳಿ.