ರಿಂಗಿನ ಕೆಳಗೆ ನಿಂತವನು

“ಮೇಷ್ಟ್ರೇ, ಸೆಂಟರ್ ಆಡೋಕೆ ನಾನು ಇನ್ನೂ ಏನು ಕಲೀಬೇಕು?”

ಕೇಳಿದವನು ಹೊನ್ನೇಶ. ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಅವನಷ್ಟು ಎತ್ತರದವರು ಇನ್ನೊಬ್ಬರಿರಲಿಲ್ಲ. ರಿಂಗಿನ ಕೆಳಗಿನ ಜಾಗ, ಅಂದರೆ ಸೆಂಟರ್ ಆಡುವವನ ಜಾಗ, ತನಗಲ್ಲದೆ ಇನ್ಯಾರಿಗೆ ಎಂದು ಅವನು ನಂಬಿದ್ದ. ಆದರೆ ಭಾನುವಾರದ ಪಂದ್ಯಕ್ಕೆ ಮೇಷ್ಟ್ರು ಆ ಜಾಗಕ್ಕೆ ಅವನಿಗಿಂತ ಒಂದು ಗೇಣು ಗಿಡ್ಡಗಿದ್ದವನ ಹೆಸರು ಹೇಳಿದ್ದರು.

“ಎದುರಾಳಿ ಎಸೆದ ಚೆಂಡು ತಡೆಯೋನು ನಾನು. ರಿಂಗಿಗೆ ಬಡಿದು ವಾಪಸ್ ಬಂದದ್ದನ್ನ ಹಿಡಿಯೋನೂ ನಾನೇ. ನೀವು ನೋಡಿದ್ರೆ ಒಂದು ತಿಂಗಳಿಂದ ‘ಕೂಗು, ಕೂಗು’ ಅಂತೀರಿ. ನಾನೇನು ಬಸ್ ಸ್ಟ್ಯಾಂಡಲ್ಲಿ ಊರಿನ ಹೆಸರು ಕೂಗೋನಾ?”

ಮೇಷ್ಟ್ರು ನಗಲಿಲ್ಲ. ಮೈದಾನದ ಮೆಟ್ಟಿಲ ಮೇಲೆ ಕೂತು ಅವನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಬೈಯುವುದಿದ್ದರೆ ಅವರು ನಿಂತೇ ಬೈಯುತ್ತಿದ್ದರು. ಕೂತರೆ ಕತೆ ಹೇಳುತ್ತಾರೆಂದು ತಂಡಕ್ಕೆಲ್ಲ ಗೊತ್ತಿತ್ತು. ಅಂದು ಅವರು ಹೇಳಿದ ಕತೆ ಇದು.

ಒಂದು ಊರಿನ ತಂಡದಲ್ಲಿ ಒಬ್ಬ ಎತ್ತರದ ಆಟಗಾರನಿದ್ದ, ಒಬ್ಬ ಕುಳ್ಳ ಆಟಗಾರನಿದ್ದ. ಇಬ್ಬರೂ ಒಂದೇ ಬೀದಿಯವರು. ಹಸಿದಾಗ ಯಾರ ಮನೆ ಹತ್ತಿರವೋ ಅಲ್ಲಿ ಉಣ್ಣುವವರು. ಎತ್ತರದವನು ಸೆಂಟರ್. ಅವನು ಬುಟ್ಟಿಗೆ ಹಾಕಿದ ಚೆಂಡುಗಳಲ್ಲಿ ಅರ್ಧಕ್ಕರ್ಧ ಕುಳ್ಳನ ಕೈಯಿಂದ ಬಂದವು. ಎದುರು ತಂಡದವನು ಚೆಂಡು ತಟ್ಟುತ್ತ ಬರುವಾಗ ಅವನ ಮುಂದೆ ನಿಂತು, ರಿಂಗಿನ ಕಡೆಗೆ ಬಿಡದಿರುವುದೂ ಕುಳ್ಳನದೇ ಕೆಲಸ. ಆಗ ಅವನ ಕಣ್ಣು ಚೆಂಡು ಬಿಟ್ಟು ಅಲುಗುವಂತಿಲ್ಲ.

ಈ ಆಟದಲ್ಲಿ ಒಂದು ಉಪಾಯವುಂಟು. ಚೆಂಡು ತರುವವನಿಗೆ ದಾರಿ ಮಾಡಿಕೊಡಲು ಅವನ ಕಡೆಯ ದೊಡ್ಡಾಳೊಬ್ಬ ಬಂದು, ತಡೆಯುವವನ ಪಕ್ಕದಲ್ಲಿ ಗೋಡೆಯ ಹಾಗೆ ನಿಂತುಬಿಡುತ್ತಾನೆ. ತಡೆಯುವವನು ಹೋಗಿ ಅವನಿಗೆ ಬಡಿಯುತ್ತಾನೆ, ಚೆಂಡಿನವನು ಪಾರಾಗುತ್ತಾನೆ. ಇದಕ್ಕೆ ಸ್ಕ್ರೀನ್ ಎನ್ನುತ್ತಾರೆ. ಇದರಲ್ಲಿ ಮೋಸವಿಲ್ಲ, ನಿಯಮವೇ ಒಪ್ಪಿದ್ದು. ಆ ದೊಡ್ಡಾಳು ಬರುವುದನ್ನು ಮೊದಲು ಕಾಣುವವನು ಹಿಂದೆ, ರಿಂಗಿನ ಕೆಳಗೆ ನಿಂತ ಸೆಂಟರ್. ‘ಎಡಕ್ಕೆ ಸ್ಕ್ರೀನ್!’ ಎಂದು ಅವನೊಂದು ಕೂಗು ಹಾಕಿದರೆ ಸಾಕು, ಮುಂದಿನವನು ಸರಿದು ತಪ್ಪಿಸಿಕೊಳ್ಳುತ್ತಾನೆ.

ಎತ್ತರದವನು ಮೊದಮೊದಲು ಕೂಗುತ್ತಿದ್ದ. ಒಂದು ದಿನ ಮರೆತ. ಕುಳ್ಳ ಹೋಗಿ ಬಡಿದ. ಎದುರಾಳಿ ಚೆಂಡಿನೊಡನೆ ನೇರ ರಿಂಗಿನ ಬಳಿ ಬಂದ. ಎತ್ತರದವನು ಹಾರಿ ಆ ಚೆಂಡನ್ನು ಅಂಗೈಯಿಂದ ಹೊಡೆದು ಹೊರಗಟ್ಟಿದ. ನೋಡುತ್ತಿದ್ದ ಜನ ಎದ್ದು ನಿಂತು ಸಿಳ್ಳೆ ಹಾಕಿದರು. ತನಗಾಗಿ ಅಷ್ಟು ಜನ ಎದ್ದು ನಿಂತದ್ದನ್ನು ಅವನು ಅದುವರೆಗೆ ಕಂಡಿರಲಿಲ್ಲ.

ಮುಂದಿನ ಸಲ ಅವನು ಮರೆತದ್ದಲ್ಲ. ಕೂಗಿದರೆ ಕುಳ್ಳ ತಪ್ಪಿಸಿಕೊಳ್ಳುತ್ತಾನೆ, ಎದುರಾಳಿ ರಿಂಗಿನ ತನಕ ಬರುವುದೇ ಇಲ್ಲ. ಬಾರದವನ ಚೆಂಡನ್ನು ಹೊಡೆಯುವುದು ಹೇಗೆ? ಹಿಂದೆ ತಾನಿದ್ದೇನಲ್ಲ, ತಂಡಕ್ಕೇನು ನಷ್ಟ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಷ್ಟವೇನೂ ಆಗಲಿಲ್ಲ. ತಂಡ ಗೆಲ್ಲುತ್ತಲೇ ಹೋಯಿತು, ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಅವನ ಬಾಯಿಗೆ ಬೀಗ ಬಿತ್ತು.

ಬೈಗುಳ ಮಾತ್ರ ಕುಳ್ಳನ ಪಾಲಿಗೆ. ಎಲ್ಲರೂ ನಿನ್ನನ್ನು ದಾಟಿಕೊಂಡು ಹೋಗುತ್ತಾರಲ್ಲ, ಕಾಲಿಗೇನು ಹಗ್ಗ ಕಟ್ಟಿದೆಯಾ ಎಂದು ಅವರ ಗುರು ರೇಗಿದರು. ಆ ಗುರುವಿಗೂ ನಿಜ ಕಾಣಿಸಲಿಲ್ಲ. ಗೆಲ್ಲುತ್ತಿರುವ ತಂಡದಲ್ಲಿ ಯಾರೂ ಅಷ್ಟು ಹತ್ತಿರದಿಂದ ನೋಡುವುದಿಲ್ಲ. ಕುಳ್ಳ ಆ ಮಾತನ್ನು ನಂಬಿದ. ತನ್ನ ಕಾಲೇ ನಿಧಾನ ಎಂದುಕೊಂಡು, ಎಲ್ಲರಿಗಿಂತ ಒಂದು ಗಂಟೆ ಮುಂಚೆ ಬಂದು ಒಬ್ಬನೇ ಓಡತೊಡಗಿದ. ಎತ್ತರದವನು ಅದನ್ನೂ ಕಂಡ. ಏದುಸಿರು ಬಿಡುತ್ತ ಕೂತ ಗೆಳೆಯನಿಗೆ ನೀರಿನ ಬಾಟಲಿ ಕೊಟ್ಟ. ನಿನ್ನ ಕಾಲಿನದು ತಪ್ಪಿಲ್ಲ ಎಂಬ ಮಾತನ್ನು ಮಾತ್ರ ಕೊಡಲಿಲ್ಲ. ಅವನಿಗೆ ನಾಚಿಕೆಯಾಗದೆ ಇರಲಿಲ್ಲ. ಆದರೆ ಸಿಳ್ಳೆಯ ರುಚಿ ಹತ್ತಿಬಿಟ್ಟಿತ್ತು.

ಜಿಲ್ಲೆಯ ಕೊನೆಯ ಪಂದ್ಯ ಬಂತು. ಎದುರು ತಂಡದ ದೊಡ್ಡಾಳು ಗೂಳಿಯಂಥವನು. ಅವನು ಬಂದು ಕಾಲೂರಿ ನಿಲ್ಲುವುದನ್ನು ಎತ್ತರದವನು ಕಂಡ. ಕೂಗಲು ಸಮಯವಿತ್ತು. ಅವನು ಮೊಣಕಾಲು ಬಗ್ಗಿಸಿ ಹಾರಲು ಸಿದ್ಧನಾದ. ಇನ್ನು ಯಾರೂ ತನ್ನನ್ನು ನಿಧಾನ ಎನ್ನಬಾರದೆಂದು ಕುಳ್ಳ ಪ್ರಾಣ ಪಣಕ್ಕಿಟ್ಟವನಂತೆ ಓಡಿ ಬಂದ, ಅದೇ ವೇಗದಲ್ಲಿ ಆ ದೇಹಕ್ಕೆ ಅಪ್ಪಳಿಸಿದ. ಕುಳ್ಳನ ಊರಿದ ಕಾಲು ಅಲ್ಲೇ ಉಳಿಯಿತು, ಮೈ ತಿರುಗಿತು. ಮಂಡಿಯಲ್ಲಿ ಏನೋ ಹರಿದು ಅವನು ಚೀರಿದ. ಎತ್ತರದವನು ಹಾರಿ ಚೆಂಡನ್ನು ತಡೆದ. ತಂಡ ಗೆದ್ದಿತು.

ಆಸ್ಪತ್ರೆಯಲ್ಲಿ ಡಾಕ್ಟರು ಇನ್ನು ಆಟದ ಮಾತೇ ಬೇಡ ಎಂದರು. ಎತ್ತರದವನು ಹೋಗಿ ಹಾಸಿಗೆಯ ಪಕ್ಕ ನಿಂತ. ಕುಳ್ಳ ಅವನನ್ನು ಕಂಡು ನಗಲು ಪ್ರಯತ್ನಿಸಿದ.

“ನನ್ನ ಕಾಲೇ ಸರಿಯಿಲ್ಲ ಕಣೋ. ಎಷ್ಟು ಓಡಿದ್ರೂ ಚುರುಕಾಗಲಿಲ್ಲ. ಅಲ್ಲ, ಅವನು ಬಂದು ನಿಂತದ್ದು ನಿನಗಾದ್ರೂ ಕಾಣಿಸ್ತಾ?”

“ಕಾಣಿಸ್ತು.”

“ಇವತ್ತು ಮಾತ್ರಾನಾ?”

ಸುಳ್ಳು ಹೇಳಬಹುದಿತ್ತು. ಗೆಳೆಯ ನಂಬುತ್ತಿದ್ದ. ಆದರೆ ಅಷ್ಟು ಮಾತ್ರ ಎತ್ತರದವನ ಕೈಲಾಗಲಿಲ್ಲ.

“ಪ್ರತಿ ಸಲಾನೂ.”

ಕುಳ್ಳ ಬೈಯಲಿಲ್ಲ. ಮುಖವನ್ನು ಆಚೆ ತಿರುಗಿಸಿಕೊಂಡ. ಆಮೇಲೆ ಅವರಿಬ್ಬರೂ ಅದೇ ಬೀದಿಯಲ್ಲಿ ಬಹಳ ವರ್ಷ ಬದುಕಿದರು. ಎದುರಾದಾಗ ಒಬ್ಬ ತಲೆ ತಗ್ಗಿಸುತ್ತಿದ್ದ, ಇನ್ನೊಬ್ಬ ಕುಂಟುತ್ತ ದಾಟಿಹೋಗುತ್ತಿದ್ದ.

ಮೇಷ್ಟ್ರು ಅಲ್ಲಿಗೆ ನಿಲ್ಲಿಸಿದರು. ತನ್ನ ತಂಡದ ಹುಡುಗನೊಬ್ಬ ಹೋದ ವಾರ ಪಕ್ಕೆ ಹಿಡಿದುಕೊಂಡು ಕೂತದ್ದು ಹೊನ್ನೇಶನ ಕಣ್ಣ ಮುಂದೆ ಬಂತು. ಅವನು ಹೋಗಿ ಬಡಿದ ದೊಡ್ಡಾಳು ಯಾವ ಕಡೆಯಿಂದ ಬಂದನೆಂದು ಹೊನ್ನೇಶನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸೋಲೊಪ್ಪಲು ಮನಸ್ಸಾಗಲಿಲ್ಲ.

“ತಪ್ಪೆಲ್ಲ ಸೆಂಟರಿನದೇನಾ, ಮೇಷ್ಟ್ರೇ? ಆ ಕುಳ್ಳನೂ ಒಂದ್ಸಲ ಹಿಂದಕ್ಕೆ ತಿರುಗಿ ನೋಡಬಹುದಿತ್ತಲ್ಲ?”

ಮೇಷ್ಟ್ರು ಅವನ ಮುಖವನ್ನೇ ನೋಡಿದರು. ಅವರು ಹೇಳಿದ್ದು ಒಂದೇ ಮಾತು.

“ಬೆನ್ನಿಗೂ ಕಣ್ಣಿದ್ದಿದ್ದರೆ ಆಟಕ್ಕೆ ಸೆಂಟರ್ ಯಾಕಪ್ಪಾ ಬೇಕಿತ್ತು?”