ಸಾಸಿವೆ ಹಾರಿಸಿದವರು ಯಾರು?

ಮಂತ್ರಿ ಸಿಂಗರಸರಿಗೆ ಒಂದು ಚಾಳಿಯಿತ್ತು. ತಮ್ಮದಲ್ಲದ ಸದ್ದು ಕಿವಿಗೆ ಬಿದ್ದರೆ ಸಾಕು, ಕಿರುಬೆರಳನ್ನು ಕಿವಿಗೆ ತೂರಿಸಿ ಗಡಗಡ ಅಲ್ಲಾಡಿಸುವರು. ಸೊಳ್ಳೆ ಗುಂಯ್ ಎಂದರೂ ಬೆರಳು, ಎದುರಿನವರು ಸೀನಿದರೂ ಬೆರಳು. ತಾವೇ ಮಾತಿಗಿಳಿದಾಗ ಮಾತ್ರ ಎರಡು ಕೈಯೂ ಮಡಿಲಲ್ಲಿ ತಣ್ಣಗೆ ಕೂತಿರುತ್ತಿದ್ದವು.

ಇದನ್ನು ಗಮನಿಸಿದ್ದವಳು ಮಾಳವ್ವ. ದೊರೆ ಬಿಲ್ಲಣ್ಣ ನಾಯಕರ ಎಲೆಯಡಿಕೆ ತಟ್ಟೆ ಹಿಡಿದು ಸಿಂಹಾಸನದ ಪಕ್ಕ ನಿಲ್ಲುವುದು ಅವಳ ಕೆಲಸ. ದಿನಕ್ಕೆ ಹತ್ತು ಮಾತೂ ಆಡುವವಳಲ್ಲ. ಸಭೆಯವರ ಕಣ್ಣಿಗೆ ತಟ್ಟೆಯೂ ಒಂದೇ, ಅವಳೂ ಒಂದೇ.

ಆ ವರ್ಷ ದೊರೆ ಪ್ರಜೆಗಳ ಅಹವಾಲು ಕೇಳಲು ಪೇಟೆಯ ನಡುವೆ ಹೊಸ ಚಾವಡಿ ಕಟ್ಟಿಸಲು ಹೊರಟರು. ಸಿಂಗರಸರು ಎದ್ದು ನಿಂತರು.

“ಪ್ರಭು, ಆ ಜಾಗದ ಪಕ್ಕದಲ್ಲೇ ಕಂಚುಗಾರರ ಬೀದಿ. ನಲವತ್ತು ಮನೆ, ನಲವತ್ತು ಸುತ್ತಿಗೆ. ಆ ಗದ್ದಲದಲ್ಲಿ ಅಹವಾಲು ಕೇಳಿಸೀತೇ? ಅವರನ್ನು ಕೆರೆಯಾಚೆ ಕಳಿಸಬೇಕು.”

ಖಾಲಿಯಾದ ಬೀದಿಯಲ್ಲಿ ಮಂತ್ರಿಗಳ ಕುದುರೆ ಲಾಯ ಏಳಲಿದೆ ಎಂಬುದು ಕುದುರೆಗಳಿಗೂ ಗೊತ್ತಿತ್ತು. ಮಾಳವ್ವನ ತವರು ಅದೇ ಬೀದಿ. ಅಪ್ಪ ಈರಾಚಾರಿ ಆ ಕುಲುಮೆ ಬಿಟ್ಟು ಒಂದು ದಿನ ಬದುಕಿದವನಲ್ಲ.

“ಗದ್ದಲ ಎಷ್ಟಿದೆ ಅಂತ ಅಳೆದು ನೋಡಿದಿರಾ?” ಎಂದರು ದೊರೆ.

“ಅಳೆದೇ ಬಂದೆ! ನನ್ನದೇ ಉಪಾಯ. ಚಾವಡಿಯ ಅಡಿಗಲ್ಲಿನ ಮೇಲೆ ನಗಾರಿ ಇಟ್ಟು, ಅದರ ಚರ್ಮದ ಮೇಲೆ ನೂರು ಸಾಸಿವೆ ಕಾಳು ಹರಡಿಸಿದೆ. ಸದ್ದಿಗೆ ಚರ್ಮ ಅದುರುತ್ತದೆ, ಕಾಳು ಹಾರಿ ಬೀಳುತ್ತದೆ. ಹತ್ತು ಬಿದ್ದರೆ ಸಹಿಸಬಹುದು. ನಿನ್ನೆ ನಾನು ಅಲ್ಲಿಗೆ ಹೋದೆ ನೋಡಿ, ಪ್ರಭು, ಒಂದೇ ಒಂದು ಕಾಳೂ ಉಳಿಯಲಿಲ್ಲ!”

ಮಾಳವ್ವ ನಿನ್ನೆ ತವರಿನ ಜಗಲಿಯ ಮೇಲೇ ಕೂತಿದ್ದಳು. ನಡೆದದ್ದೆಲ್ಲ ಕಣ್ಣಾರೆ ಕಂಡಿದ್ದಳು.

“ಸ್ವಾಮಿ,” ಎಂದಳು. ತಟ್ಟೆಯೇ ಮಾತಾಡಿತೇನೋ ಎಂಬಂತೆ ಸಭೆ ತಿರುಗಿ ನೋಡಿತು. “ಎಂಥಾ ಅಳತೆ! ಸಾಸಿವೆಗೆ ಲಂಚ ಕೊಡೋಕಾಗಲ್ಲ. ಇದನ್ನೇ ಕಟ್ಟಳೆ ಮಾಡಿ ಮುದ್ರೆ ಒತ್ತಿಬಿಡಿ. ಹತ್ತಕ್ಕಿಂತ ಹೆಚ್ಚು ಕಾಳು ಹಾರಿಸಿದ ಸದ್ದು ಯಾರದ್ದೇ ಆಗಲಿ, ಕೆರೆಯಾಚೆ ಹೋಗಲಿ. ನಾಳೆ ತಾವೇ ಬಂದು ನೋಡಿದರಾಯಿತು.”

“ಯಾರದ್ದೇ ಆಗಲಿ!” ಸಿಂಗರಸರಿಗೆ ಹಿಗ್ಗೋ ಹಿಗ್ಗು. “ಹೆಣ್ಣುಮಗಳಾದರೂ ಬುದ್ಧಿವಂತೆ.”

ಮಾಳವ್ವ ತಲೆ ತಗ್ಗಿಸಿದಳು. ನಾಚಿಕೆ ಎಂದುಕೊಂಡರು ಅವರು. ದೊರೆ ಮುದ್ರೆ ಒತ್ತಿದರು.

ಮರುದಿನ ದೊರೆ ಕಂಬಳಿ ಹೊದ್ದು, ಮಾಳವ್ವನೊಂದಿಗೆ ನಡೆದೇ ಬಂದು ನಗಾರಿಯ ಪಕ್ಕ ಕೂತರು. ಯಾರಿಗೂ ಗುರುತು ಸಿಗಲಿಲ್ಲ. ಬೀದಿಯಲ್ಲಿ ಸುತ್ತಿಗೆಗಳು ಟಣಟಣ ಎನ್ನುತ್ತಿದ್ದವು. ಕಾಳುಗಳು ಕೂತಲ್ಲೇ ಕುಣಿದವು. ಒಂದು ಬಿತ್ತು, ಇನ್ನೊಂದು ಬಿತ್ತು. ಬಿಸಿಲೇರುವ ಹೊತ್ತಿಗೆ ಏಳು.

“ಏಳೇ? ಮತ್ತೆ ನೂರೂ ಹಾರಿದವು ಅಂದರಲ್ಲ?”

“ಮಂತ್ರಿಗಳು ಬರಲಿ ಸ್ವಾಮಿ.”

ಬಂದರು. ಮುಂದೆ ನಾಲ್ಕು ಕಹಳೆ, ಹಿಂದೆ ನಾಲ್ಕು ಡೋಲು, ಪಲ್ಲಕ್ಕಿಯ ಎರಡೂ ಬದಿಗೆ ಗಂಟಲು ಹರಿದುಕೊಳ್ಳುವ ಹೊಗಳುಭಟರು: “ಶಾಂತಮೂರ್ತಿ! ಮೌನಪ್ರಿಯ! ಸಿಂಗರಸ ಮಂತ್ರಿಗಳು ಬರ್ತಾ ಇದ್ದಾರೆ, ಪರಾಕ್! ಬಹುಪರಾಕ್!”

ಆಳುವವರ ಪಲ್ಲಕ್ಕಿ ಬಂದರೆ ಕಸುಬು ನಿಲ್ಲಿಸಿ ಕೈಮುಗಿಯುವುದು ಊರಿನ ರೂಢಿ. ನಲವತ್ತು ಸುತ್ತಿಗೆಗಳೂ ನೆಲಕ್ಕಿಳಿದವು. ಈರಾಚಾರಿ ಕೈಮುಗಿದು ನಿಂತ. ಇತ್ತ ನಗಾರಿಯ ಮೇಲೆ ಒಗ್ಗರಣೆಗೆ ಹಾಕಿದಂತೆ ಸಾಸಿವೆ ಸಿಡಿಯಿತು. ಎರಡು ಕಾಳು ದೊರೆಯ ಮೀಸೆಯಲ್ಲೇ ಸಿಕ್ಕಿಕೊಂಡವು.

ಪಲ್ಲಕ್ಕಿಯಿಂದ ಇಳಿದ ಸಿಂಗರಸರು ಬರಿದಾದ ಚರ್ಮ ನೋಡಿ, ಮಾಳವ್ವನ ಪಕ್ಕದ ಕಂಬಳಿಯತ್ತ ತಿರುಗಿ ಬೀಗಿದರು. “ಕಂಡಿರಾ ಪ್ರಭು! ಒಂದೂ ಇಲ್ಲ!”

“ಕಂಡೆ.” ದೊರೆ ಮೀಸೆ ಕೊಡವಿದರು. “ಮಾಳವ್ವ, ಇದು ಯಾರ ಸದ್ದು?”

“ಸುತ್ತಿಗೆಗಳು ನೆಲದ ಮೇಲಿವೆ ಸ್ವಾಮಿ. ಮಂತ್ರಿಗಳ ಅಳತೆ ತಪ್ಪಲ್ಲ. ತಮ್ಮನ್ನೇ ಅಳೆದುಕೊಂಡು ಬಂದಿದ್ದರು, ಅಷ್ಟೇ.”

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಂಗರಸರ ಕಿರುಬೆರಳು ಕಿವಿಯತ್ತ ಹೊರಟು ಅರ್ಧದಲ್ಲೇ ನಿಂತಿತು.

ಕಟ್ಟಳೆಯಂತೆ ಕಹಳೆ, ಡೋಲು, ಹೊಗಳುಭಟರು ಎಲ್ಲ ಕೆರೆಯಾಚೆ ಹೋದರು. ಅಲ್ಲಿನ ಕೊಕ್ಕರೆಗಳಿಗೆ ಶಾಂತಮೂರ್ತಿಯ ಬಿರುದುಗಳು ಬಾಯಿಪಾಠವಾದವಂತೆ. ತಟ್ಟೆ ಬೇರೆಯವರ ಕೈಗೆ ಹೋಯಿತು, ಮಾಳವ್ವನಿಗೆ ಸಭೆಯಲ್ಲಿ ಕೂರಲು ಒಂದು ಪೀಠ ಸಿಕ್ಕಿತು.

ಚಾವಡಿ ಶುರುವಾದ ದಿನ ಸಿಂಗರಸರು ಕಂಚುಗಾರರ ಬೀದಿಯಲ್ಲಿ ನಡೆದೇ ಬಂದರು. ಡೋಲಿನ ತಾಳವಿಲ್ಲದೆ ಹೆಜ್ಜೆ ಹಾಕಲು ಪಲ್ಲಕ್ಕಿ ಹೊರುವವರಿಗೆ ಬರುತ್ತಿರಲಿಲ್ಲ. ಕಹಳೆಯಿಲ್ಲ, ಪರಾಕಿಲ್ಲ, ಯಾರೂ ತಲೆಯೆತ್ತಲಿಲ್ಲ. ಸುತ್ತಿಗೆಗಳು ಟಣಟಣ ಎನ್ನುತ್ತಲೇ ಇದ್ದವು. ಅವರು ಈರಾಚಾರಿಯ ಕುಲುಮೆಯ ಮುಂದೆ ನಿಂತು, ಎರಡೂ ಕಿವಿಗೆ ಬೆರಳಿಟ್ಟುಕೊಂಡು, ಗಂಟಲು ಹರಿಯುವಂತೆ ಕೂಗಿದರು:

“ಆಚಾರ್ರೇ, ನಾನು, ಮಂತ್ರಿ, ಬಂದಿದ್ದೀನಿ! ಒಂದು ಗಳಿಗೆ ಸುತ್ತಿಗೆ ನಿಲ್ಲಿಸ್ರೀ!”

ಈರಾಚಾರಿ ಹಂಡೆಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದ.