ಪ್ರಿಂಟರಿನೊಳಗಿನ ಕಾರ್ಡು

ನಾಡಕಚೇರಿಯ ಪ್ರಿಂಟರ್ ಬೆಳಗ್ಗೆಯಿಂದ ಒಂದು ಹಾಳೆಯನ್ನೂ ಹೊರಹಾಕಿರಲಿಲ್ಲ. ಹೊರಗೆ ಜಾತಿ ಪ್ರಮಾಣಪತ್ರಕ್ಕೆ ವಿದ್ಯಾರ್ಥಿಗಳ ಸಾಲು. ಕಾಲೇಜಿಗೆ ಅರ್ಜಿ ಹಾಕಲು ಅಂದೇ ಕೊನೆಯ ದಿನ.

"ಕೆಡಿಸಿದವರು ಯಾರು? ಎಲ್ಲಾರಿಗೂ ನೋಟಿಸ್ ಕೊಡ್ತೀನಿ!" ಎಂದು ಉಪತಹಶೀಲ್ದಾರ್ ಕಲ್ಲೂರ ಸಾಹೇಬರು ಗುಡುಗಿದರು. ಗುಮಾಸ್ತರು ತಲೆ ತಗ್ಗಿಸಿದರು.

ಕಚೇರಿಯ ಸಹಾಯಕಿ ನೀಲವ್ವ ಕಸಬರಿಗೆ ಮೂಲೆಗಿಟ್ಟಳು. ಸಾಹೇಬರ ಕಸದ ಬುಟ್ಟಿಯಲ್ಲಿ ದಪ್ಪ ಕಾರ್ಡಿನ ತುಂಡುಗಳನ್ನು ಅವಳು ಬೆಳಗ್ಗೆಯೇ ಕಂಡಿದ್ದಳು.

"ಎಲ್ಲಾರಿಗೂ ಯಾಕ್ರಿ ಸಾಹೇಬ್ರ? ಒಳಗ ಯಾರ ಹಾಳಿ ಸಿಕ್ಕೊಂಡೈತಿ, ಅವರೊಬ್ಬರಿಗೇ ಕೊಡ್ರಿ."

"ಆತು, ತಗಿ!"

ನೀಲವ್ವ ಪ್ರಿಂಟರಿನ ಮುಚ್ಚಳ ತೆರೆದು ಮೆಲ್ಲಗೆ ಎಳೆದಳು. ಮುದ್ದೆಯಾದ ಕಾರ್ಡೊಂದು ಬಂತು. ಮೇಲೆ ತೊಟ್ಟಿಲ ಚಿತ್ರ, ನಡುವೆ ಮೊಮ್ಮಗನ ತೊಟ್ಟಿಲ ಕಾರ್ಯಕ್ರಮದ ಕರೆ, ಕೆಳಗೆ ಸಾಹೇಬರದೇ ಹೆಸರು. ಸಾಹೇಬರ ಮುಖ ಬಿಳಿಚಿಕೊಂಡಿತು.

ನೀಲವ್ವ ನಗಲಿಲ್ಲ. ಸೆರಗಿನಿಂದ ಕಾರ್ಡು ಒರೆಸಿ, ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಸಾಹೇಬ್ರ ಮೊಮ್ಮಗನ ತೊಟ್ಟಿಲ ಕಾರ್ಯಕ್ರಮ ಐತಿ. ನಮ್ಮನ್ನ ಕರಿಯಾಕ ಕಾರ್ಡ್ ಮಾಡ್ಯಾರ. ನಾವು ಸುಮ್ನ ಅಂಜಿದ್ವಿ."

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಹೌದು... ಎಲ್ಲಾರೂ ಬರ್ರಿ."

"ಬರ್ತೀವ್ರಿ. ಹಂಗಾರ ನೋಟಿಸಿನ ಹಾಳಿ ಉಳಿದ್ವು. ಹೊರಗಿನ ಹುಡುಗರ ಸರ್ಟಿಫಿಕೇಟಿಗೆ ಹಾಕೂಣೇನ್ರಿ?"

ಸಾಹೇಬರು ತಾವೇ ಎದ್ದು ಬಂದು ಪ್ರಿಂಟರಿಗೆ ಹಾಳೆ ತುಂಬಿದರು.